ನಾಲ್ಕನೇ ನಡೆಗೆ ಕುದುರೆ ಕೊಟ್ಟವಳು

ನಿನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ನಮ್ಮ ದೊಡ್ಡಬಳ್ಳಾಪುರದಲ್ಲಿ ಅದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಆ ಮೌನ ಕವಿದರೆ ನನಗೆ ಈಗಲೂ ಚೆಸ್ ಮಣೆ ಹಾಸಬೇಕೆನಿಸುತ್ತದೆ. ನಗಬೇಡಿ, ಕಾರಣವಿದೆ.

ನಮ್ಮ ಮನೆಯಲ್ಲಿ ಚೆಸ್ ಆಡುತ್ತಿದ್ದದ್ದು ಕರೆಂಟ್ ಇಲ್ಲದಾಗ ಮಾತ್ರ. ಕರೆಂಟ್ ಬಂದ ಕೂಡಲೇ ಆಟ ಎಲ್ಲಿದೆಯೋ ಅಲ್ಲಿಗೇ ನಿಲ್ಲಬೇಕು, ಎಲ್ಲರೂ ಮಗ್ಗಕ್ಕೆ ಏಳಬೇಕು. ಯಾರ ಕಡೆ ಕಾಯಿ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಇದು ತಾತ ಮಾಡಿದ ಕಾನೂನು. ಹೀಗಾಗಿ ನಾವೆಲ್ಲ ಕಾಯಿಗಳನ್ನು ಮದುವೆ ಸೀರೆಯ ಹಾಗೆ ಜೋಪಾನ ಮಾಡುತ್ತಿದ್ದೆವು. ನಾನಂತೂ ಕಾಲೇಜಿನ ಪಂದ್ಯವೊಂದರಲ್ಲಿ, ಹೋಗಿದ್ದ ಕರೆಂಟ್ ಬಂದು ಫ್ಯಾನ್ ತಿರುಗಿದ ತಕ್ಷಣ ಎದ್ದು ನಿಂತು ಎದುರಿಗಿದ್ದವನ ಕೈ ಕುಲುಕಿದ್ದೆ. ನನ್ನ ಕಡೆ ಒಂದು ಕಾಯಿ ಹೆಚ್ಚಿತ್ತು. ಪಾಪ, ಅವನು ಇನ್ನೂ ಆಡುತ್ತಿದ್ದ.

ರತ್ನತ್ತೆ ಮಾತ್ರ ಬೇರೆ. ಅವಳು ಅಪ್ಪನ ತಂಗಿ. ಗಂಡನ ಮನೆ ಎರಡು ಬೀದಿ ಆಚೆ, ನೇಯುವುದು ನಮ್ಮಲ್ಲಿ. ಎರಡೂ ಕುದುರೆಗಳನ್ನು ಹೊರಗೆ ತಂದು, ನಾಲ್ಕನೇ ನಡೆಗೇ ಒಂದನ್ನು ಬರೀ ಒಂದು ಪೇದೆಗಾಗಿ ಎದುರಾಳಿಯ ಬಾಯಿಗೆ ಹಾಕುತ್ತಿದ್ದಳು. ಆಮೇಲೆ ತನ್ನ ಪೇದೆಗಳನ್ನು ನಡುವೆ ನುಗ್ಗಿಸಿ, ಎದುರಿನವರ ಕುದುರೆಗಳನ್ನು ಅಟ್ಟಾಡಿಸುವುದು. ಹುಚ್ಚು ಆಟ. ನಮ್ಮ ಮನೆಯಲ್ಲಿ ಇನ್ನೂ ದೊಡ್ಡ ಹುಚ್ಚು, ಯಾಕೆಂದರೆ ನಡುವೆ ಕರೆಂಟ್ ಬಂದರೆ ಅವಳದ್ದೇ ಸೋಲು.

ಒಮ್ಮೆ ಅವಳಿಗೆ ತನ್ನದೇ ಡಿಸೈನಿನ ಅಂಚು ನೇಯುವ ಆಸೆ ಹತ್ತಿತು. ಅಂಗಡಿಯವರು ಕೇಳುವ ಅಂಚು ಬಿಟ್ಟು ಬೇರೇನನ್ನೂ ತಾತ ಮಗ್ಗಕ್ಕೆ ಏರಿಸಿದವನಲ್ಲ. ಒಂದು ಮಗ್ಗ ಬಿಟ್ಟುಕೊಡು ಎಂದು ಅವಳು ಕೇಳಿ ಕೇಳಿ, ಕೊನೆಗೊಂದು ಮಧ್ಯಾಹ್ನ ಕರೆಂಟ್ ಹೋದಾಗ ತಾತನೇ ಮಣೆ ಹಾಸಿದ.

"ನನ್ನ ಗೆಲ್ಲು, ಮೂಲೆ ಮಗ್ಗ ನಿಂದು. ಸೋತ್ರೆ ಈ ಮಾತು ಇನ್ನೆತ್ಬಾರ್ದು."

ಅಷ್ಟು ಹೇಳಿದ ಮೇಲೂ ಅವಳು ಅದೇ ಕುದುರೆ ಕೊಟ್ಟಳು. ತಾತ ತಕ್ಷಣ ಅದನ್ನು ತೆಗೆದು ಪಕ್ಕಕ್ಕಿಟ್ಟುಕೊಂಡ. ಅವಳ ಪೇದೆಗಳು ನುಗ್ಗಿದವು, ಹಿಂದೆಯೇ ಮಂತ್ರಿ ಬಂತು, ತಾತನ ರಾಜ ಮಣೆಯ ನಡುವೆ ಸಿಕ್ಕಿಕೊಂಡ. ಅಷ್ಟರಲ್ಲಿ ಬೀದಿಯ ಮಗ್ಗಗಳು ಶುರುವಾದವು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಕೂತ್ಕೊಳೆ," ಎಂದ ತಾತ, ಮಣೆಯಿಂದ ಕಣ್ಣು ತೆಗೆಯದೆ.

"ಕರೆಂಟ್ ಬಂತಲ್ಲಪ್ಪ."

"ಬರ್ಲಿ."

ಕರೆಂಟ್ ಇದ್ದೂ ನಮ್ಮ ಮಗ್ಗಗಳು ನಿಂತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆರಗಾಗಿ ಗೋಡೆಗೆ ಒರಗಿ ನಿಂತೆ. ಇನ್ನು ಕೆಲವೇ ನಡೆಗಳಲ್ಲಿ ತಾತ ಸೋತ. ತನ್ನ ರಾಜನನ್ನು ತಾನೇ ಮಲಗಿಸಿ, ಎದ್ದು ಹೋಗಿ, ಮೂಲೆ ಮಗ್ಗವೊಂದನ್ನು ಬಿಟ್ಟು ಉಳಿದವನ್ನೆಲ್ಲ ಚಾಲೂ ಮಾಡಿದ.

ತಾತ ಈಗಿಲ್ಲ. ನಿನ್ನೆ ಆ ಆಟದ ಮೊದಲ ನಡೆಗಳನ್ನು ಮೊಬೈಲಿನ ಚೆಸ್ ಆ್ಯಪ್‌ಗೆ ಹಾಕಿ ನೋಡಿದೆ. ಅದು ಮುಲಾಜಿಲ್ಲದೆ ಹೇಳಿತು: ಕುದುರೆ ಕೊಟ್ಟದ್ದು ತಪ್ಪು, ಸಿಕ್ಕ ಕಾಯಿಗೆ ಬದಲು ಎದುರಾಳಿ ತನ್ನದೊಂದನ್ನು ಸರಿಯಾದ ಹೊತ್ತಿಗೆ ವಾಪಸ್ ಕೊಟ್ಟುಬಿಟ್ಟರೆ ದಾಳಿಯೆಲ್ಲ ತಣ್ಣಗಾಗುತ್ತದೆ. ಇಷ್ಟೇನಾ ಎಂದು ಪೆಚ್ಚಾಗಿ, ಅತ್ತೆಯ ಮನೆಗೇ ಹೋಗಿ ತೋರಿಸಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಗೊತ್ತು ಕಣೋ. ನಮ್ಮಪ್ಪ ಕೈಗೆ ಬಂದಿದ್ದನ್ನ ಯಾವತ್ತಾದ್ರೂ ವಾಪಸ್ ಕೊಟ್ಟಿದ್ದು ನೋಡಿದ್ಯಾ? ಆ ಧೈರ್ಯದ ಮೇಲೇ ಆಡಿದ್ದು."

ಇಷ್ಟು ವರ್ಷ ಅವಳು ಕಣ್ಣು ಮುಚ್ಚಿ ಧುಮುಕಿದ್ದಳು ಎಂದುಕೊಂಡಿದ್ದೆ. ಅವಳು ಹುಟ್ಟಿದಾಗಿನಿಂದ ತಾತನನ್ನು ಓದಿಕೊಂಡಿದ್ದಳು.

"ಮತ್ತೆ ಕರೆಂಟ್ ಬಂದಾಗ?" ಎಂದೆ.

"ಸೋತೆ ಅಂತ್ಲೇ ಎದ್ದಿದ್ದು." ಅವಳ ಕೈ ನಿಂತಿತು. "ಅಪ್ಪನ್ನ ಅಷ್ಟು ತಿಳ್ಕೊಂಡಿದ್ದೆ. ಕೂತ್ಕೋ ಅಂತಾನೆ ಅನ್ನೋದೊಂದು ಮಾತ್ರ ನಂಗೆ ಗೊತ್ತೇ ಇರ್ಲಿಲ್ಲ ಕಣೋ."

ಅವಳ ಕಣ್ಣು ತುಂಬಿತ್ತು. ನಾನು ಮೊಬೈಲನ್ನು ಜೇಬಿಗಿಟ್ಟು ಅವರೆಕಾಯಿ ಬಿಡಿಸತೊಡಗಿದೆ.