ಅಕ್ಕ ಉಳಿಸುತ್ತಿದ್ದ ಒಂದು ಮೂಟೆ

ಕಂಪ್ಯೂಟರ್ ಆಟಗಳ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯಗಳಿವೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಐವತ್ತು ದಾಟಿದ ಹೆಂಗಸು ಆಟ ಆಡುತ್ತೇನೆಂದರೆ ಜನ ಇಸ್ಪೀಟಿರಬೇಕು ಎಂದುಕೊಂಡು ಮಾತು ಬದಲಿಸುತ್ತಾರೆ. ನಾನು ಹೇಳುತ್ತಿರುವುದು ಸಣ್ಣ ಆಟಗಳ ವಿಚಾರ. ಒಬ್ಬರೇ, ಹೆಚ್ಚೆಂದರೆ ಇಬ್ಬರು, ಮನೆಯ ಮೂಲೆಯಲ್ಲಿ ಕುಳಿತು ಮಾಡಿ ಇಂಟರ್‌ನೆಟ್ಟಿಗೆ ಬಿಟ್ಟಂಥವು. ಅಂಗಡಿಯ ಉಪ್ಪಿನಕಾಯಿ ಯಾವುದು, ಮನೆಯದು ಯಾವುದು ಎಂದು ನಾಲಗೆಗೆ ತಿಳಿಯುವ ಹಾಗೆ, ಒಬ್ಬರ ಕೈಯಲ್ಲಿ ಆದ ಆಟ ಐದೇ ನಿಮಿಷದಲ್ಲಿ ತಿಳಿದುಬಿಡುತ್ತದೆ. ಎಲ್ಲೋ ಒಂದು ಕಾಗುಣಿತ ತಪ್ಪಿರುತ್ತದೆ, ಎಲ್ಲೋ ಒಂದು ಮರವನ್ನು ಅಗತ್ಯವೇ ಇಲ್ಲದಿದ್ದರೂ ಮುತುವರ್ಜಿಯಿಂದ ಬರೆದಿರುತ್ತಾರೆ.

ಅದರಲ್ಲೂ ನನಗೆ ಇಷ್ಟವಾದವು ತಮ್ಮಷ್ಟಕ್ಕೆ ಬೆಳೆಯುವ ಆಟಗಳು. ನಾವು ಇದ್ದರೂ ಇಲ್ಲದಿದ್ದರೂ ಅಲ್ಲಿ ಏನೋ ಒಂದು ಕೂಡುತ್ತಾ ಹೋಗುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಮ್ಮ ಕೆಲಸ ದಿನಕ್ಕೊಮ್ಮೆ ಹೋಗಿ ನೋಡಿ, ಕೂಡಿದ್ದನ್ನು ಯಾವುದಕ್ಕೆ ಹಾಕಬೇಕು ಎಂದು ನಿರ್ಧರಿಸಿ ಬರುವುದು. "ಇದ್ರಲ್ಲಿ ಆಡೋದೇನಿದೆ?" ಎಂದು ನನ್ನ ಗಂಡ ನಗುತ್ತಿದ್ದರು. ಬಂದೂಕು ಹಿಡಿದು ಕತ್ತಲೆ ಗೋದಾಮಿನಲ್ಲಿ ಓಡುವುದು ಆಟವಾದರೆ ಇದೂ ಆಟವೇ. ಆದರೆ ಬೆಳೆಯುವ ಲೆಕ್ಕಕ್ಕೂ ಒಂದು ಮರ್ಯಾದೆ ಇರಬೇಕು ಎನ್ನುವುದು ನನ್ನ ವಾದ. ಕೆಲವು ಆಟಗಳಲ್ಲಿ ವಾರ ಕಳೆಯುವಷ್ಟರಲ್ಲಿ ಕೋಟಿ ಕೋಟಿ ಕೂಡಿ, ಸೊನ್ನೆಗಳು ಪರದೆಯ ಆಚೆಗೆ ಹೋಗುತ್ತವೆ. ಕಣ್ಣಿಗೆ ಕಟ್ಟದ ಸಂಖ್ಯೆಯ ಮೇಲೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ. ಮೂವತ್ತು ಮೂಟೆ ಎಂದರೆ ನನಗೆ ಕಾಣಿಸುತ್ತದೆ.

ಮೂಟೆಗಳ ಆ ಆಟ ನನಗೆ ಸಿಕ್ಕಿದ್ದು ಪರದೇಶದ ಈ ಹ್ಯಾಮಿಲ್ಟನ್ನಿಗೆ ಬಂದ ಎರಡನೆಯ ಚಳಿಗಾಲದಲ್ಲಿ. ಎರಡು ಸಾವಿರದ ಆ ಮೊದಲ ದಶಕದ ನಡುವಿನ ವರ್ಷಗಳು. ಗಂಡನಿಗೆ ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಬೆಳಿಗ್ಗೆ ಆರೂವರೆಗೆ ಕಾರು ತೆಗೆದುಕೊಂಡು ಹೋದರೆ ನಾನು ಮನೆಯಲ್ಲಿ ಬಂದಿ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಆ ಊರಿನಲ್ಲಿ ಡ್ರೈವಿಂಗ್ ಬಾರದವರಿಗೆ ಮೂಲೆಯ ಡೈರಿಯ, ಅಂದರೆ ಅಲ್ಲಿಯವರ ಚಿಲ್ಲರೆ ಅಂಗಡಿಯ, ಆಚೆಗೆ ಪ್ರಪಂಚವಿಲ್ಲ. ಹತ್ತು ಗಂಟೆಯವರೆಗೂ ಮಂಜು ಕಿಟಕಿಗೆ ಅಂಟಿಕೊಂಡಿರುತ್ತಿತ್ತು, ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ನಾನು ಟವೆಲ್ಲಿನಿಂದ ಕಿಟಕಿ ಒರೆಸಿ, ಹೆಗಲ ಮೇಲೆ ಹೊದಿಕೆ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಇಂಟರ್‌ನೆಟ್ಟನ್ನು ತಿಂಗಳಿಗೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದ ಕಾಲ, ದೊಡ್ಡ ಆಟ ಇಳಿಸಿಕೊಂಡರೆ ತಿಂಗಳ ಕೊನೆಯವರೆಗೂ ಆಮೆ ನಡಿಗೆ. ಸಣ್ಣ ಆಟಗಳ ಕಡೆ ನಾನು ತಿರುಗಿದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳು. ಮೈಸೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಬಾಡಿಗೆ ಮನೆಗಳಲ್ಲಿ ನಾವಿಬ್ಬರೇ ಇದ್ದೆವು. ನಾನು ಮದುವೆಯಾಗಿ ಹೋದದ್ದೂ ಅದೇ ಊರಿನಲ್ಲಿ, ಎರಡು ರಸ್ತೆ ಆಚೆಗೆ. ಆಮೇಲೆ ಈ ದೇಶದ ವೀಸಾ ಬಂತು. ಅಕ್ಕ, "ಹೋಗೋದಾದ್ರೆ ಹೋಗು, ನನ್ನನ್ನ ಕೇಳ್ಬೇಡ" ಎಂದಳು. ನಾನು ಸುಮ್ಮನಿರಬಹುದಿತ್ತು. "ನಿನಗೋಸ್ಕರ ನಾನು ಇಲ್ಲೇ ಕೊಳೀಬೇಕಾ?" ಎಂದುಬಿಟ್ಟೆ. ಹೊರಡುವ ದಿನ ಅವಳು ರಜೆ ಹಾಕಲಿಲ್ಲ. ಎಂದಿನಂತೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು.

ಅಂದಿನಿಂದ ಫೋನಿನಲ್ಲಿ ನಮ್ಮ ಮಾತು ಇಷ್ಟೇ. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಸರಿ, ಅವರಿಗೆ ಕೊಡು. ನನ್ನ ಗಂಡನ ಹತ್ತಿರ ಅವಳು ಹತ್ತು ನಿಮಿಷ ನಗುತ್ತಾ ಮಾತಾಡುತ್ತಿದ್ದಳು. ಪಕ್ಕದಲ್ಲಿ ನಿಂತು ಆ ನಗು ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಅಕ್ಕ ನನ್ನೊಡನೆ ಹಿಂದಿನ ಹಾಗೆ ಮಾತಾಡಬೇಕು ಎನ್ನುವುದು ಬಿಟ್ಟು ಆ ದಿನಗಳಲ್ಲಿ ನನಗೆ ಬೇರೆ ಆಸೆಯೇ ಇರಲಿಲ್ಲ.

ಆಟ ತೀರಾ ಸರಳ. ಒಂದು ನದಿ, ಈಚೆ ದಡದಲ್ಲಿ ಒಂದು ಹೊಲ, ಒಂದು ಕಣಜ. ಗಂಟೆಗಿಷ್ಟು ಎಂದು ಧಾನ್ಯ ಬೆಳೆದು ಮೂಟೆಗಳಾಗಿ ಕಣಜ ಸೇರುತ್ತದೆ. ಮೂಟೆ ಕೊಟ್ಟು ಕಾಲುವೆ ತೋಡಿಸಬಹುದು, ಎತ್ತು ತರಬಹುದು, ಇನ್ನೊಂದು ಸಾಲು ಬಿತ್ತಬಹುದು. ಒಂದು ಬೆಳಿಗ್ಗೆ ಏನನ್ನಿಸಿತೋ, ಅಕ್ಕನ ಲೈಬ್ರರಿಯ ಈಮೇಲಿಗೆ ಆ ಆಟದ ವಿಳಾಸ, ನನ್ನ ಹೆಸರು, ಪಾಸ್‌ವರ್ಡ್ ಎಲ್ಲ ಕಳಿಸಿ, "ಪುರುಸೊತ್ತಾದರೆ ನೋಡು" ಎಂದು ಬರೆದೆ. ಉತ್ತರ ಬರಲಿಲ್ಲ. ಮೂರನೆಯ ದಿನ ಹೊಲ ತೆರೆದರೆ ಕಾಲುವೆಯ ಪಕ್ಕದಲ್ಲಿ ನಾನು ಬಿತ್ತಿರದ ಎರಡು ಸಾಲುಗಳಿದ್ದವು. ಕೂತಲ್ಲೇ ಅತ್ತುಬಿಟ್ಟೆ.

ಅವಳ ಮಧ್ಯಾಹ್ನದ ಊಟದ ಬಿಡುವು ನಮಗೆ ರಾತ್ರಿ ಎಂಟು ಗಂಟೆ, ಬೇಸಿಗೆಯಲ್ಲಿ ಒಂಬತ್ತು. ಬೆಳಿಗ್ಗೆ ನಾನು ಹೊಲ ನೋಡಿ ನನ್ನ ಕೆಲಸ ಮಾಡಿಡುತ್ತಿದ್ದೆ, ರಾತ್ರಿ ಅವಳು ಬಂದು ಹೋದಮೇಲೆ ಮತ್ತೆ ತೆರೆದು ಏನೇನು ಮಾಡಿದ್ದಾಳೆ ಎಂದು ಹುಡುಕುತ್ತಿದ್ದೆ. ಮಂಗಳವಾರ ಹೊಸದೇನನ್ನೂ ಶುರು ಮಾಡುತ್ತಿರಲಿಲ್ಲ ಪುಣ್ಯಾತ್ಗಿತ್ತಿ, ಎತ್ತುಗಳನ್ನು ಮಾತ್ರ ನೆರಳಿಗೆ ಕಟ್ಟಿ ಹೋಗುತ್ತಿದ್ದಳು. ಎತ್ತು ನೆರಳಿನಲ್ಲಿದ್ದರೆ ಆಟದಲ್ಲಿ ಯಾವ ಲಾಭವೂ ಇಲ್ಲ. ನಾನು ಸಾಲು ಸೊಟ್ಟಗೆ ಬಿತ್ತಿದರೆ ಮರುದಿನ ನೆಟ್ಟಗಾಗಿರುತ್ತಿತ್ತು. ಹೊಲದ ಬೇಲಿಯಲ್ಲಿ ಒಂದು ಹಲಗೆ ಇತ್ತು, ಅದರ ಮೇಲೆ ಬೇಕಾದ್ದು ಬರೆಯಬಹುದಿತ್ತು. ಇಬ್ಬರೂ ಬರೆಯಲಿಲ್ಲ. ಫೋನಿನಲ್ಲಿ ಆಟದ ಸುದ್ದಿಯನ್ನೂ ಎತ್ತಲಿಲ್ಲ. ಹಟದಲ್ಲಿ ನಾವು ಒಂದೇ ಹೊಟ್ಟೆಯಿಂದ ಬಂದವರು.

ಅವಳ ಇನ್ನೊಂದು ಪದ್ಧತಿ ನನ್ನ ತಾಳ್ಮೆ ಪರೀಕ್ಷಿಸುತ್ತಿತ್ತು. ಕಣಜದಲ್ಲಿ ಒಂದು ಮೂಟೆ ಉಳಿಯಲೇಬೇಕು. ಎತ್ತಿಗೆ ನಲವತ್ತು ಮೂಟೆ ಬೇಕು, ಕಣಜದಲ್ಲಿ ಸರಿಯಾಗಿ ನಲವತ್ತಿದೆ ಎಂದರೆ ಅವಳು ತೆಗೆದುಕೊಳ್ಳುವವಳಲ್ಲ, ನಲವತ್ತೊಂದಾಗುವವರೆಗೆ ಕಾಯುತ್ತಾಳೆ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬವನ್ನು ಪೂರ್ತಿ ಖಾಲಿ ಮಾಡುತ್ತಿರಲಿಲ್ಲ, ಹೊಸ ಅಕ್ಕಿ ಬರುವವರೆಗೆ ತಳದಲ್ಲಿ ಒಂದು ಹಿಡಿಯಾದರೂ ಇರಬೇಕು. ಆಟ ಮಾಡಿದ ಆಸಾಮಿ ಯಾವ ದೇಶದವನೋ, ಅವನಿಗೆ ಇದೆಲ್ಲಿ ಗೊತ್ತು. ಅವನು ಮಾಡಿಟ್ಟ ನಿಯಮ ಇದಕ್ಕೆ ತದ್ವಿರುದ್ಧ. ಆಟ ಮುಂದಿನ ಹಂತಕ್ಕೆ ಹೋಗಬೇಕಾದರೆ ಕಣಜದಲ್ಲಿರುವ ಅಷ್ಟನ್ನೂ ದೋಣಿಗೆ ತುಂಬಿ ನದಿ ದಾಟಬೇಕು. ಈಚೆಯ ಹೊಲ ಮುಚ್ಚಿಹೋಗುತ್ತದೆ. ಆಚೆ ದಡದಲ್ಲಿ ಬರಿ ನೆಲ, ಕಣಜದಲ್ಲಿ ಸೊನ್ನೆ, ಆದರೆ ಬಿತ್ತನೆ ಬೀಜ ಉತ್ತಮ, ಎಲ್ಲವೂ ಎರಡರಷ್ಟು ವೇಗವಾಗಿ ಬೆಳೆಯುತ್ತದೆ. ಇಂಥ ಆಟಗಳಲ್ಲಿ ಜನ ಹಾಡಿ ಹೊಗಳುವುದು ಈ ಉಪಾಯವನ್ನೇ. ಎಲ್ಲ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡುವುದರಲ್ಲಿ ಏನೋ ಸುಖವಿದೆಯಂತೆ. ಹಾಗೆ ಬರೆಯುವವರು ಒಮ್ಮೆಯೂ ಊರು ಬಿಟ್ಟಿರಲಿಕ್ಕಿಲ್ಲ ಎಂದು ನನ್ನ ಅನುಮಾನ.

ಒಂದೂವರೆ ವರ್ಷ ನಾವು ಈಚೆ ದಡದಲ್ಲೇ ಇದ್ದೆವು. ಹೊಲದಲ್ಲಿ ಇನ್ನು ಬಿತ್ತಲು ಜಾಗವಿರಲಿಲ್ಲ, ಕಣಜ ತುಂಬಿ ನಿಂತಿತ್ತು. ಅಷ್ಟರಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು, ಆಮೇಲೆ ಒಂದು ಆಫೀಸಿನಲ್ಲಿ ಕಡತ ಜೋಡಿಸುವ ಕೆಲಸ ಸಿಕ್ಕಿತು. ಮೊದಲ ವಾರ ಮುಗಿದ ಶನಿವಾರ ಬೆಳಿಗ್ಗೆ ಎಲ್ಲಿಲ್ಲದ ಹುರುಪು. ಆಚೆ ದಡದಲ್ಲಿ ಹಣ್ಣಿನ ತೋಟಗಳಿವೆ ಎಂದು ಯಾರೋ ಬರೆದಿದ್ದನ್ನು ಓದಿದ್ದೆ. ಅಕ್ಕನಿಗೂ ತೋಟ ನೋಡಿ ಖುಷಿಯಾಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲ ಮೂಟೆಗಳನ್ನೂ ತುಂಬಿಸಿ ದೋಣಿ ಬಿಟ್ಟೆ. ಕಣಜದ ಮುಂದೆ ಸೊನ್ನೆ ಬಂದು ನಿಂತಿತು. ಆದದ್ದಾಯಿತು ಎಂದು ಅಡುಗೆ ಮನೆಗೆ ಹೋದೆ.

ಸೋಮವಾರ ರಾತ್ರಿ ಹೊಸ ನೆಲದಲ್ಲಿ ಅಕ್ಕನ ಕೈ ಕಾಣಲಿಲ್ಲ. ಮಂಗಳವಾರ ಸರಿ, ಅವಳು ಏನೂ ಶುರು ಮಾಡುವುದಿಲ್ಲ. ಬುಧವಾರವೂ ಇಲ್ಲ. ಆ ವಾರ ಕಳೆಯಿತು, ತಿಂಗಳು ಕಳೆಯಿತು. ಆಚೆ ದಡದಲ್ಲಿ ತೋಟಗಳೇನೋ ಇದ್ದವು, ಬೇಗ ಬೇಗ ಬೆಳೆದವು. ಸೊಟ್ಟ ಸಾಲುಗಳು ಸೊಟ್ಟಗೇ ಉಳಿದವು. ನಾನು ಮಾಡಿದ್ದು ಅವಳಿಗೆ ಅಪಶಕುನವಾಗಿ ಕಂಡಿರಬೇಕು, ಇನ್ನು ನನ್ನ ಸಹವಾಸವೇ ಬೇಡ ಎನಿಸಿರಬೇಕು ಎಂದುಕೊಂಡೆ. ಇದ್ದ ಒಂದೇ ದಾರಿಯನ್ನು ಕೈಯಾರೆ ಮುಚ್ಚಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ವಿಚಿತ್ರವೆಂದರೆ ಫೋನಿನಲ್ಲಿ ಅಕ್ಕ ಮೆತ್ತಗಾಗಿದ್ದಳು. "ಈಗಲೂ ಕಾಫಿಗೆ ಸಕ್ಕರೆ ಹಾಕ್ಕೊಳಲ್ವೇನೇ?" ಎಂದು ಕೇಳಿದಳು. "ಅಲ್ಲಿ ಹೊದ್ಕೊಳೋ ಅಂಥ ದಪ್ಪನೆ ರಗ್ಗು ಇಲ್ಲಿ ಬೇಕಾಗಲ್ಲ ಬಿಡು" ಎಂದಳು. ನನಗೆ ಅದು ಕೊಂಕು ಎನಿಸಿತು. ಸಿಟ್ಟು ಬಂದಾಗ ಸಕ್ಕರೆಯಂತೆ ಮಾತಾಡುವುದು ಅವಳ ಹಳೆಯ ಚಾಳಿ. ಮೂರು ತಿಂಗಳು ಸಹಿಸಿದೆ. ಒಂದು ಭಾನುವಾರ ತಡೆಯಲಾಗಲಿಲ್ಲ.

"ಆಟಕ್ಕೆ ಯಾಕೆ ಬರ್ತಿಲ್ಲ ನೀನು? ಕೋಪ ಇದ್ರೆ ಬೈಯಿ. ಹೀಗೆ ಸುಮ್ನೆ ಇರ್ಬೇಡ."

"ಕೋಪ ಯಾಕೇ?" ಅಕ್ಕನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನೀನೇ ಕಣಜ ಖಾಲಿ ಮಾಡಿದೆಯಲ್ಲ. ಡಬ್ಬ ಖಾಲಿ ಮಾಡೋದು ಮನೆ ಬಿಡೋವಾಗ ತಾನೇ?"

ಮೈಸೂರಿನಲ್ಲಿ ನಾವು ಮೂರು ಮನೆ ಬದಲಿಸಿದ್ದೆವು. ಮೂರು ಸಲವೂ ಗಾಡಿ ಬಾಗಿಲಿಗೆ ಬಂದ ಮೇಲೆ ಅಕ್ಕ ಅಕ್ಕಿ ಡಬ್ಬವನ್ನು ಪೇಪರಿನ ಮೇಲೆ ಬೋರಲು ಹಾಕಿ, ತಟ್ಟಿ, ಕೊನೆಯ ಕಾಳನ್ನೂ ಗಂಟು ಕಟ್ಟಿಕೊಳ್ಳುತ್ತಿದ್ದಳು. ಅದು ನನಗೆ ಮರೆತೇ ಹೋಗಿತ್ತು.

"ಅಲ್ಲಿಂದ ಹೊರಡ್ತಿದ್ದೀರ ಅಂದ್ಕೊಂಡೆ," ಎಂದಳು. "ಬಾಯಿಬಿಟ್ಟು ಹೇಳಕ್ಕೆ ನಿನಗೆ ಸಂಕೋಚ, ಅದಕ್ಕೇ ಹೀಗೆ ತಿಳಿಸ್ತಿದ್ದೀಯ ಅಂತ. ನೀನೇ ಬರೋವಾಗ ಆ ಆಟ ಇನ್ಯಾಕೆ? ನೀನಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ರೂಮಿಗೆ ಸುಣ್ಣ ಹೊಡೆಸಿದ್ದೀನಿ ಕಣೇ."

ಹಿಂದಿನ ವಾರವಷ್ಟೇ ನಾವು ಹ್ಯಾಮಿಲ್ಟನ್ನಿನಲ್ಲಿ ಮನೆ ಕೊಳ್ಳಲು ಸಹಿ ಹಾಕಿದ್ದೆವು.

"ಡಿಸೆಂಬರ್‌ಗೆ ಬರ್ತೀನಿ ಅಕ್ಕ," ಎಂದೆ.

"ಎಷ್ಟು ದಿನಕ್ಕೆ?"

"ಮೂರು ವಾರ."

ಲೈನು ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಎಂದೆ. "ಇದ್ದೀನಿ," ಎಂದಳು. "ಬಂದು ಹೋಗೋದು ಅನ್ನು ಹಾಗಾದ್ರೆ. ಬಾ. ರೂಮು ಹೇಗೂ ಇದೆ." ಆಮೇಲೆ ನನ್ನ ಗಂಡನಿಗೆ ಕೊಡು ಎನ್ನಲಿಲ್ಲ. ಅರ್ಧ ಗಂಟೆ ನನ್ನ ಜೊತೆಯೇ ಮಾತಾಡಿದಳು, ಲೈಬ್ರರಿಗೆ ಬಂದ ಹೊಸ ಕಪಾಟುಗಳ ಬಗ್ಗೆ, ಹಾಲಿನವನ ಬಗ್ಗೆ, ತನ್ನ ಮಂಡಿನೋವಿನ ಬಗ್ಗೆ. ಮೂರು ವರ್ಷದಿಂದ ಬೇಡಿಕೊಂಡಿದ್ದ ಮಾತು ಅದು. ಸಿಕ್ಕಿದ ದಿನ ಅದನ್ನು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಆ ಆಟ ಈಗಿಲ್ಲ. ಮುಂದೊಮ್ಮೆ ಆ ವಿಳಾಸ ಒತ್ತಿದರೆ ಬಿಳಿ ಪುಟ ಬಂತು, ಮಾಡಿದವನು ಬೇರೆ ಕೆಲಸಕ್ಕೆ ಹೋಗಿರಬೇಕು. ಈಗಿನವು ಫೋನಿನೊಳಗೆ ಕುಳಿತು ಬಾ ಬಾ ಎಂದು ಗೋಗರೆಯುತ್ತವೆ. ಆಟ ಕರೆಯಬಾರದು, ಕಾಯಬೇಕು. ಇದು ನನ್ನ ಕೊನೆಯ ಅಭಿಪ್ರಾಯ, ಇದನ್ನು ಯಾರು ಬಂದರೂ ಬದಲಿಸಲಾರರು.

ಡಿಸೆಂಬರಿನಲ್ಲಿ ಹೋದೆ. ರೂಮಿಗೆ ತಿಳಿಹಸಿರು ಬಣ್ಣ ಹೊಡೆಸಿದ್ದಳು. ಬೀರುವಿನ ಅರ್ಧ ಭಾಗ ತೆರವು ಮಾಡಿ, ಹೊಸ ಪೇಪರು ಹಾಸಿ, ಮೂಲೆಗೆ ನುಸಿಗುಳಿಗೆ ಇಟ್ಟಿದ್ದಳು. ಮೂರು ವಾರವೂ ನಾನು ಬಟ್ಟೆಗಳನ್ನು ಸೂಟ್‌ಕೇಸಿನಿಂದಲೇ ತೆಗೆದು ಉಟ್ಟೆ. ಆ ಅರ್ಧದಲ್ಲಿ ಏನನ್ನಾದರೂ ಇಟ್ಟರೆ ಹೊರಡುವ ದಿನ ಅವಳ ಕಣ್ಣೆದುರು ಮತ್ತೆ ತೆಗೆಯಬೇಕಾಗುತ್ತದೆಂಬ ಭಯ. ಅಕ್ಕ ದಿನವೂ ನೋಡುತ್ತಿದ್ದಳು. ಕೊನೆಯ ದಿನ ಟ್ಯಾಕ್ಸಿ ಬಂದು ನಿಂತಾಗ, ನಾನು ಸೂಟ್‌ಕೇಸಿನ ಬೀಗ ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತು, "ಒಂದು ಸೀರೆನಾದ್ರೂ ಬಿಟ್ಟು ಹೋಗೇ," ಎಂದಳು.

ಎರಡು ಬಿಟ್ಟು ಬಂದೆ.