ಹೊಲಿಗೆ ಯಂತ್ರದ ಕೆಳಗೆ ಒಂದು ಹಿಡಿ ಉಪ್ಪು

ಈ ಕತೆಯನ್ನು ನಮ್ಮ ಮನೆಯಲ್ಲಿ ಈಗ ನಗುತ್ತ ಹೇಳುತ್ತಾರೆ. ಮದುವೆಯ ಹಿಂದಿನ ದಿನ ಕಾಯಿ ತುರಿಯುತ್ತ ಕೂತ ಹೆಂಗಸರಲ್ಲಿ ಯಾರಾದರೊಬ್ಬರು ಶುರುಮಾಡಿದರೆ ಸಾಕು, ಉಳಿದವರು ಒಂದೊಂದು ತುಂಡು ಸೇರಿಸುತ್ತಾರೆ. ಅವರ ಕತೆಯಲ್ಲಿ ಮಾಜಾಳಿಯ ಸುಂಕದ ಚೌಕಿಯ ಅಧಿಕಾರಿ ಕೆಂಪು ಮುಖದ ಬಿಳಿಯ. ಅವನಿಗೆ ಕನ್ನಡ ಬಾರದು. ಉಪ್ಪನ್ನು ನೋಡಿ ಕೋವಿಯ ಮದ್ದಿನ ಪುಡಿಯೆಂದು ಹೆದರಿ ಕುರ್ಚಿ ಸಮೇತ ಹಿಂದಕ್ಕೆ ಬೀಳುತ್ತಾನೆ. ಎಲ್ಲರೂ ನಗುತ್ತಾರೆ. ಅಕ್ಕ ಮಾತ್ರ ಎದ್ದು ಹಿತ್ತಲಿಗೆ ಹೋಗುತ್ತಾಳೆ.

ನಾನು ಅಲ್ಲಿದ್ದೆ. ಅವನು ಬಿಳಿಯನಾಗಿರಲಿಲ್ಲ. ಹೆದರಲೂ ಇಲ್ಲ. ಕುರ್ಚಿ ಬಿಟ್ಟು ಏಳಲೂ ಇಲ್ಲ. ಅವನನ್ನು ಬಿಳಿಯನನ್ನಾಗಿ ಮಾಡಿದ್ದು ನಮ್ಮ ನೆನಪು. ಹಾಗೆ ಮಾಡಿದರೆ ಎಲ್ಲರಿಗೂ ಅನುಕೂಲ. ಸಿಟ್ಟನ್ನು ಹಡಗು ಹತ್ತಿಸಿ ದೂರದ ದೇಶಕ್ಕೆ ಕಳಿಸಿಬಿಡಬಹುದು. ನನಗೆ ಆ ಅನುಕೂಲ ಬೇಡ.

ಮೂವತ್ತರ ದಶಕದ ನಡುವಿನ ಯಾವುದೋ ವರ್ಷ. ಯಾವುದು ಎಂದು ಖಚಿತವಾಗಿ ಹೇಳಲಾರೆ, ಹೇಳುವವರನ್ನು ನಂಬುವುದೂ ಇಲ್ಲ. ಅಂಕೋಲೆಯ ದಂಡೆಯಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋಗಿದ್ದರು, ತಿರುಗಿ ಬಂದೂ ಇದ್ದರು. ನಾನು ನಮ್ಮೂರು ಅವರ್ಸೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಗಂಡನ ಮನೆಯಾದ ಬಿಣಗೆಯಿಂದ ತಿರುಗಿ ಬಂದಿದ್ದಳು. ಯಾಕೆ ಬಂದಳೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳ ಎಡಗೈ ಮೊಣಕೈಯ ಹತ್ತಿರ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಅಷ್ಟೇ.

ಅಪ್ಪ ತೀರಿಹೋಗಿದ್ದರಿಂದ ಮನೆಯ ಯಜಮಾನಿಕೆ ದೊಡ್ಡಪ್ಪನದು. ಗದ್ದೆ ಸಣ್ಣದು, ಉಣ್ಣುವ ಬಾಯಿ ಬಹಳ. ಅವನು ಜಗುಲಿಯಲ್ಲಿ ಕೂತು ಬಲೆಯ ಹರಕು ಹೆಣೆಯುತ್ತ, ತಲೆ ಎತ್ತದೆ ಹೇಳಿದ:

"ದೀವಳಗಿ ಒಳಗೆ ನಿನ್ನ ಹೊಟ್ಟೆ ಅಕ್ಕಿ ನೀ ದುಡದ್ರೆ ಇರು. ಇಲ್ದಿದ್ರೆ ನಾನೇ ಬಿಣಗಿಗೆ ಬಿಟ್ಕಂಡ್ ಬತ್ತೆ."

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. "ಬಿಟ್ಕಂಡ್ ಬರೂಕೆ ನಾ ಎಂತ ದನವನಾ?" ಎಂದಳು. ದೊಡ್ಡಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಅನುಮಾನ. ನನಗೆ ಮಾತ್ರ ಕೇಳಿಸಿರಬೇಕು.

ಅವಳಿಗೆ ಹೊಲಿಗೆ ಬರುತ್ತಿತ್ತು. ಕಾರವಾರದ ಪೇಟೆಯಲ್ಲಿ ಹುಡುಗಿಯರ ಪರಕಾರ, ಪೋಲಕ, ಅಂದರೆ ಲಂಗ ರವಿಕೆಗಳಿಗೆ ಗಿರಾಕಿ ಇತ್ತು. ಬೇಕಾದದ್ದು ಯಂತ್ರ. ಮುಂಬೈಯಿಂದ ತರಿಸಿದರೆ ನಮ್ಮ ಅಳವಿಗೆ ಮೀರಿದ ಬೆಲೆ. ಆಗ ಕಾರವಾರದಲ್ಲಿ ತಿಳಿದವರೆಲ್ಲ ಮಾಡುತ್ತಿದ್ದ ಉಪಾಯವೊಂದಿತ್ತು: ಗೋವೆಯಿಂದ ತರಿಸುವುದು. ಕಾಳಿ ನದಿಯನ್ನು ದೋಣಿಯಲ್ಲಿ ದಾಟಿ, ಸದಾಶಿವಗಡ ಬಿಟ್ಟು ಮುಂದೆ ಹೋದರೆ ಮಾಜಾಳಿ. ಅದರಾಚೆಗೆ ಗೋವೆ, ಅಂದರೆ ಆ ಕಾಲಕ್ಕೆ ಪೋರ್ತುಗೀಜರ ರಾಜ್ಯ, ಬೇರೆಯದೇ ದೇಶ. ಅಲ್ಲಿಯ ಬಂದರಿನಲ್ಲಿ ಜರ್ಮನಿಯ ಸಾಮಾನು ಅಗ್ಗಕ್ಕೆ ಇಳಿಯುತ್ತಿತ್ತು. ಮಡಗಾಂವಿನ ವ್ಯಾಪಾರಿಯೊಬ್ಬ ಚಿತ್ರಗಳಿದ್ದ ಮರಾಠಿ ಬೆಲೆಪಟ್ಟಿ ಅಚ್ಚು ಹಾಕಿಸಿ ಕೇಳಿದವರಿಗೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದ. ಹಣ ಕಳಿಸಿದರೆ ಸಾಮಾನು ಮಾಜಾಳಿ ಚೌಕಿಗೆ ಬರುತ್ತಿತ್ತು. ನಾವು ಅಲ್ಲಿಗೆ ಹೋಗಿ, ಅಧಿಕಾರಿಯ ಎದುರು ಪೆಟ್ಟಿಗೆ ಬಿಚ್ಚಿ ತೋರಿಸಿ, ಜಕಾತಿ ಕೊಟ್ಟು ಬಿಡಿಸಿಕೊಳ್ಳಬೇಕು.

ಬೆಲೆಪಟ್ಟಿಯ ಮೇಲೆ ಯಂತ್ರದ ಮುಂದೆ ಕೂತ ಒಬ್ಬ ಬಿಳಿ ಹೆಂಗಸಿನ ಚಿತ್ರವಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು.

"ತಮಾ, ಈ ಹೆಂಗ್ಸು ಎಂತ ಹೊಲೂಕೆ ಕೂತದೆ? ಅದರ ಅಂಗಿಗೆ ತೋಳೇ ಇಲ್ಲಾ."

"ಮಿಶನ್ ತಕಣೂಕೆ ತೋಳು ಮಾರಿರ್ಬೇಕು," ಎಂದೆ.

"ನಂದು ಕಿವಿಯದ್ದು ಸಾಕಾಗ್ತದಾ ನೋಡು ಹಂಗಾದ್ರೆ," ಎಂದು ಅವಳು ಅಲ್ಲೇ ಬುಗುಡಿ ಬಿಚ್ಚಿದಳು.

ಯಂತ್ರ ಬಂತು. ಕಪ್ಪು ಮೈ, ಮೇಲೆ ಚಿನ್ನದ ಬಣ್ಣದ ಬಳ್ಳಿ, ಕೈಯಿಂದ ತಿರುಗಿಸುವ ಚಕ್ರ. ಸೊಟ್ಟಗೈಯಿಂದ ಬಟ್ಟೆ ಹಿಡಿದು ಬಲಗೈಯಿಂದ ಅವಳು ತಿರುಗಿಸುತ್ತಿದ್ದಳು. ಮಳೆಗಾಲ ಪೂರ್ತಿ ಆ ಸದ್ದು ಕೇಳಿದ ದೊಡ್ಡಪ್ಪ ಬಿಣಗೆಯ ಮಾತು ಎತ್ತಲಿಲ್ಲ. ಚೌತಿಯ ಮುಂದೆ ಅಂಗಡಿಯವರು ಕೈತುಂಬ ಕೆಲಸ ಕೊಟ್ಟರು. ಅಷ್ಟರಲ್ಲಿ ಒಳಗಿನ ದಾರದ ಶಟಲ್ ಮುರಿಯಿತು. ಆ ತುಂಡು ಕಾರವಾರದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಡಗಾಂವಿನವ, ಯಂತ್ರವನ್ನೇ ಕಳಿಸಿ, ನಮ್ಮ ಮಿಸ್ತ್ರಿ ಸರಿಮಾಡಿ ಕೊಡುತ್ತಾನೆ ಎಂದು ಬರೆದ.

ಇನ್ನು ಅವ್ವಿ. ನಮ್ಮ ತಾಯಿ. ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು: ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಪಾಯಸ ಬಂದ ತಪ್ಪಲೆಯಲ್ಲಿ ಹಿಡಿ ಅಕ್ಕಿ ಹೋಗುತ್ತದೆ, ಮೀನು ಬಂದ ಬುಟ್ಟಿಯಲ್ಲಿ ನಾಲ್ಕು ಹಸಿಮೆಣಸು. ಖಾಲಿ ತಿರುಗಿಸಿದರೆ ಕೊಟ್ಟವರ ಮನೆ ಬರಿದಾಗಲಿ ಎಂದು ಹಾರೈಸಿದ ಹಾಗೆ. ಯಂತ್ರ ಬಂದದ್ದು ಮರದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಬಂದ ಮನೆಗೆ ತಿರುಗಿ ಹೋಗುತ್ತಿದೆ. ಅವ್ವಿಗೆ ಅದು ಕೂಡ ಪಾತ್ರೆಯೇ. ತನ್ನ ಹಳೆಯ ಸೀರೆಯ ಅಂಚು ಹರಿದು, ಅಕ್ಕಿ ಕಟ್ಟಿ, ಬಾಳೆಯ ಪಟ್ಟೆಯಿಂದ ಬಿಗಿದು ಯಂತ್ರದ ಕೆಳಗೆ ಇಟ್ಟಳು.

"ಅವ್ರು ಅಂಗಡಿಯವ್ರು ಅವ್ವಿ, ನೆಂಟ್ರಲ್ಲ," ಎಂದೆ.

"ಅಂಗಡಿಯವ್ರು ಉಣ್ಣೂದಿಲ್ವನಾ?"

ಕಳಿಸುವ ದಿನ ಚೌಕಿಯಲ್ಲಿ ಆ ಗಂಟು ಬಿಚ್ಚಿಸಿದರು. ಅಕ್ಕಿ ನೋಡಿ ಸಿಪಾಯಿ ನಕ್ಕ. "ತವರಮನೆಗೆ ಹೋಗ್ತದೆ ನಿಮ್ಮ ಮಿಶನ್," ಎಂದು ಹೇಳಿ ತಾನೇ ಮತ್ತೆ ಕಟ್ಟಿ ಒಳಗಿಟ್ಟ. ಮುಂದೆ ನಡೆದದ್ದನ್ನು ಬರೆಯುವಾಗ ಈ ನಗು ನನ್ನ ಕೈ ತಡೆಯುತ್ತದೆ. ಅದೇ ಚೌಕಿ. ಅದೇ ಸಿಪಾಯಿ. ಅದೇ ಅರಿವೆ.

ದೀವಳಿಗೆಗೆ ಇನ್ನೂ ತಿಂಗಳಿರುವಾಗ ಯಂತ್ರ ತಿರುಗಿ ಬಂದಿದೆ ಎಂದು ಸುದ್ದಿ ಬಂತು. ನಾನೂ ಅಕ್ಕನೂ ಬೆಳಿಗ್ಗೆಯ ಮೋಟಾರಿನಲ್ಲಿ ಹೊರಟೆವು. ಬಿಣಗೆಯಲ್ಲಿ ಮೋಟಾರು ನಿಂತಿತು. ಯಾರೋ ಹತ್ತಿದರು, ಯಾರೋ ಇಳಿದರು. ಮೋಟಾರು ಹೊರಡುವವರೆಗೂ ಅಕ್ಕ ಸೆರಗು ಮುಖದ ಮೇಲೆ ಎಳೆದುಕೊಂಡು, ಮೊಣಕಾಲ ನಡುವೆ ಕೈ ಸಿಕ್ಕಿಸಿಕೊಂಡು ಕೂತಳು.

ನನ್ನ ನೆನಪಿನಲ್ಲಿ ಆ ದಿನ ಆಕಾಶ ಕಪ್ಪಾಗಿದೆ, ಕಾಳಿ ನದಿ ಕೆರಳಿದೆ. ಇದೂ ಸುಳ್ಳೇ ಇರಬೇಕು, ಏಕೆಂದರೆ ದಂಡೆಯ ತುಂಬ ಬಂಗಡೆ ಒಣಗುತ್ತಿತ್ತು, ಅದರ ವಾಸನೆ ಈಗಲೂ ನೆನಪಿದೆ. ಮೋಡವಿದ್ದರೆ ಯಾರು ಮೀನು ಒಣಗಿಸುತ್ತಾರೆ? ಒಳ್ಳೆಯ ಬಿಸಿಲಿತ್ತು. ಅನ್ಯಾಯವಾಗಲು ಹವೆ ಕೆಡಬೇಕೆಂದಿಲ್ಲ.

ಸಿಪಾಯಿ ಪೆಟ್ಟಿಗೆಯ ಮೊಳೆ ಕಿತ್ತ. ಅಕ್ಕ ಯಂತ್ರದ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ನುಣ್ಣಗೆ ತಿರುಗಿತು. ಅವಳ ಮುಖ ಬೆಳಗಿತು. ಆಮೇಲೆ ಸಿಪಾಯಿ ಯಂತ್ರ ಎತ್ತಿದ. ಕೆಳಗೆ ಒಂದು ಗಂಟು. ಸೀರೆಯ ಅಂಚು, ಬಾಳೆಯ ಪಟ್ಟೆ.

"ಈ ಅರಿವೆ ಯಾರದು?" ಮೇಜಿನ ಹಿಂದಿನಿಂದ ಅಧಿಕಾರಿ ಕೇಳಿದ.

"ನಮ್ಮದೇ ಒಡೆಯಾ! ನಮ್ಮ ಅವ್ವಿ ಸೀರೆದು." ಅಕ್ಕ ನಗುತ್ತಿದ್ದಳು. ಎಲ್ಲೋ ಮಡಗಾಂವಿನಲ್ಲಿ, ತಾನು ಮುಖ ಕಾಣದ ಒಬ್ಬ ಮಿಸ್ತ್ರಿ, ತನ್ನ ತಾಯಿಯ ಅರಿವೆಯನ್ನು ಖಾಲಿ ತಿರುಗಿಸಿಲ್ಲ. ಅವಳಿಗೆ ಹೆಮ್ಮೆಯಾಗಿತ್ತು. ಅದನ್ನು ತಪ್ಪು ಎನ್ನುವವರು ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ.

ಸಿಪಾಯಿ ಗಂಟು ಬಿಚ್ಚಿ, ಬೆರಳಿಗೆ ಹತ್ತಿಸಿ, ನಾಲಿಗೆಗೆ ಮುಟ್ಟಿಸಿ ನೋಡಿದ. ಈ ಸಲ ಅವನು ನಗಲಿಲ್ಲ. "ಗೊಂಯ್ಚೆಂ ಮೀಟ, ಸಾಯ್ಬಾ," ಎಂದ. ಗೋವೆಯ ಉಪ್ಪು.

ದಪ್ಪ ಹರಳು, ಮಣ್ಣು ಬೆರೆತ ಬೂದು ಬಣ್ಣ. ಗೋವೆಯ ಕಡಲ ಹಿನ್ನೀರಿನ ಬದಿಗೆ ಮನೆಗೊಂದು ಉಪ್ಪಿನ ಗದ್ದೆ. ಆ ಮಿಸ್ತ್ರಿ ಮನೆಯಲ್ಲಿದ್ದದ್ದನ್ನು ಕಟ್ಟಿ ಕಳಿಸಿರಬೇಕು, ಅವ್ವಿ ನಮ್ಮಲ್ಲಿದ್ದದ್ದನ್ನು ಕಟ್ಟಿ ಕಳಿಸಿದ ಹಾಗೆ. ಆದರೆ ಉಪ್ಪು ಸರಕಾರದ್ದು. ಹೊರದೇಶದ ಉಪ್ಪನ್ನು ಜಕಾತಿ ಕೊಡದೆ, ಹೇಳದೆ ತಂದರೆ ಅದು ಕಳ್ಳಸಾಗಣೆ. ಅದನ್ನು ಅಡಗಿಸಿ ತಂದ ಸಾಮಾನೂ ಜಪ್ತಿ. ಅರಿವೆ ನಮ್ಮದೆಂದು ನಾವೇ ಹೇಳಿ ಆಗಿತ್ತು.

"ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟಿಲ್ಲ," ಎಂದೆ. "ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ. ಅದಕ್ಕೇ ಅವರೂ ಖಾಲಿ ಕಳಿಸಲಿಲ್ಲ. ಅಷ್ಟೇ."

ಆಗ ಅವನು ಹೇಳಿದ್ದನ್ನು ನಾನು ಬದಲಿಸಿಲ್ಲ ಎಂದು ನಂಬುತ್ತೇನೆ. ನಂಬಲು ಕಾರಣ, ಬದಲಿಸಿದ್ದರೆ ಇದಕ್ಕಿಂತ ಒಳ್ಳೆಯದನ್ನು ಅವನ ಬಾಯಲ್ಲಿ ಇಡುತ್ತಿದ್ದೆ.

"ನಾನೂ ಅಂಕೋಲೆ ಬದಿಯವನೇ ಮಾಸ್ತರೇ. ನಮ್ಮನೇಲೂ ಪಾತ್ರೆ ಖಾಲಿ ಕೊಡೂದಿಲ್ಲ. ಇದು ಎಂತಕೆ ಬಂದದೆ ಅಂತ ನನಗೆ ಗೊತ್ತದೆ. ಕಾನೂನಿಗೆ ಗೊತ್ತಿಲ್ಲ."

"ಹಂಗಾರೆ ಕಾನೂನಿಗೆ ಹೇಳಿ!" ಎಂದಳು ಅಕ್ಕ. "ನಿಮ್ಮನ್ನ ಇಲ್ಲಿ ಕೂರ್ಸಿದ್ದು ಎಂತಕೆ? ಕಾನೂನಿಗೆ ಬಾಯಿಲ್ಲ, ನಿಮಗೂ ಇಲ್ವನಾ?"

"ಬಾಯಿ ಸಣ್ಣ ಮಾಡೇ ತಂಗಿ. ಹೆಂಗಸು ಅಂತ ಬಿಟ್ಟಿದ್ದೆ. ನಿನ್ನನ್ನ ಹಿಡದು ಕೂರಿಸೂಕೂ ಬರ್ತದೆ."

"ಬೆಳಿಗ್ಗೆ ಗಂಜಿ ಉಂಡ್ರಲಾ. ಯಾವ ದೇಶದ ಉಪ್ಪು ಹಾಕಂಡ್ರಿ?"

ಸಿಪಾಯಿ ಬಾಗಿಲ ಕಡೆ ತಿರುಗಿ ನಿಂತ. ಅಧಿಕಾರಿ ಬರೆಯತೊಡಗಿದ. ಆ ಬರೆಯುವಿಕೆಯಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಸಿಟ್ಟು ಉಳಿಯುತ್ತಿರಲಿಲ್ಲವೇನೋ. ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುವವನ ಹಾಗೆ ಸಮಾಧಾನದಿಂದ ಬರೆದ. ಪರಕೀಯ ನಮ್ಮನ್ನು ಅರಿಯದೆ ತುಳಿದರೆ ಅದಕ್ಕೊಂದು ವಿವರಣೆಯಿದೆ. ಇವನು ಅರಿತಿದ್ದ. ಇವನ ತಾಯಿಯೂ ಆ ವಾರ ಯಾರದೋ ತಪ್ಪಲೆಯಲ್ಲಿ ಹಿಡಿ ಅಕ್ಕಿ ಹಾಕಿದ್ದಾಳು. ಅದಕ್ಕೇ ನಮ್ಮವರು ಅವನನ್ನು ಬಿಳಿಯನನ್ನಾಗಿ ಮಾಡಿಕೊಂಡಿದ್ದಾರೆ. ಇಲ್ಲವಾದರೆ ಅವನ ಜೊತೆ ಅದೇ ಮೋಟಾರಿನಲ್ಲಿ ಕೂರುವುದು ಹೇಗೆ?

ಅಕ್ಕ ಯಂತ್ರದ ಮೇಲೆ ಕೈಯಿಟ್ಟಿದ್ದಳು. ನಾನು ಆ ಕೈ ಬಿಡಿಸಿದೆ. ಸಿಪಾಯಿ ಬಿಡಿಸಿದ ಎಂದು ಅವಳು ಹೇಳುತ್ತಾಳೆ. ಯಾರೋ ಬಿಡಿಸಿದೆವು.

ಅರ್ಜಿ ಬರೆದೆ. ಉತ್ತರ ಬರಲಿಲ್ಲ. ದೀವಳಿಗೆಗೆ ಮೊದಲು ಕಾರವಾರದಲ್ಲಿ ಜಪ್ತಿ ಸಾಮಾನಿನ ಹರಾಜು ನಡೆಯಿತು. ಗೋವೆಯ ಅತ್ತರು, ಕೊಡೆಗಳು, ಒಂದು ಗಡಿಯಾರ, ಅಕ್ಕನ ಯಂತ್ರ. ನಾವು ಹಿಂದೆ ನಿಂತು ನೋಡಿದೆವು. ಪೇಟೆಯ ದರ್ಜಿಯೊಬ್ಬ ಹೆಚ್ಚು ಬೆಲೆ ಕೂಗಿ ಹಿಡಿದ. ಅವನು ಯಂತ್ರ ಎತ್ತಿಸಿಕೊಂಡು ಹೊರಟಾಗ ಅಕ್ಕ ಅವನ ಹಿಂದೆ ನಡೆದಳು. ಅಂಗಡಿಯ ಮೆಟ್ಟಿಲವರೆಗೂ ಹೋದಳು.

"ಏನು ಬೇಕಮ್ಮ?" ಎಂದು ಅವನು ಕೇಳಿದ.

"ಇದು ನನ್ನ ಮಿಶನ್. ಇದರ ಚಾಳಿ ನನಗೆ ಗೊತ್ತದೆ. ದಪ್ಪ ಅರಿವೆ ಕೊಟ್ರೆ ದಾರ ಕಡೀತದೆ. ಇದರಲ್ಲಿ ನಿಮಗೆ ಹೊಲೂಕೆ ಬರೂದಿಲ್ಲ. ಕೂಲಿ ಕೊಡಿ, ನಾ ಹೊಲಿತೆ."

ಅವನು ಕೊಟ್ಟ. ಅರ್ಧ ಕೂಲಿ, ಹೆಂಗಸಿನ ಕೂಲಿ. ದೂರದ ಸೋದರತ್ತೆಯೊಬ್ಬಳ ಮನೆ ಕೋಡಿಬಾಗದಲ್ಲಿತ್ತು, ಅಲ್ಲಿ ಉಳಿದಳು. ದೊಡ್ಡಪ್ಪ ಅವಳನ್ನು ಬಿಣಗೆಗೆ ಬಿಟ್ಟು ಬರಲಿಲ್ಲ. ಹಾಗಾದರೆ ಎಲ್ಲ ಸರಿಹೋಯಿತಲ್ಲ ಎಂದು ಕಾಯಿ ತುರಿಯುವವರು ಹೇಳುತ್ತಾರೆ. ತನ್ನ ಕಿವಿ ಬರಿದುಮಾಡಿ ಕೊಂಡ ಯಂತ್ರವನ್ನು ಇನ್ನೊಬ್ಬನ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಅವಳು ತಿರುಗಿಸಿದಳು, ಅವನಿಗೆ ಬೇಸರ ಬಂದು ಹೊಸದು ತರಿಸಿ ಇದನ್ನು ಗುಜರಿಗೆ ಹಾಕುವವರೆಗೂ. ತನಗೆ ಕೊಡಿ ಎಂದು ಅವಳು ಕೇಳಿದಳಂತೆ. ಅವನು ಕೊಡಲಿಲ್ಲವಂತೆ.

ಆಮೇಲಿನದು ಒಂದೇ ದೃಶ್ಯ. ಯಾವುದೋ ಹಬ್ಬಕ್ಕೆ ಅಕ್ಕ ಅವರ್ಸೆಗೆ ಬಂದಿದ್ದಳು. ನೆರೆಮನೆಯಾಕೆ ತಪ್ಪಲೆಯಲ್ಲಿ ಪಾಯಸ ತಂದುಕೊಟ್ಟು ಜಗುಲಿಯಲ್ಲಿ ಕೂತಿದ್ದಳು. ಅಕ್ಕ ಪಾಯಸ ಬಗ್ಗಿಸಿಕೊಂಡು, ತಪ್ಪಲೆ ತೊಳೆದು, ನೀರು ಕೊಡವಿ ಹಾಗೇ ಕೊಟ್ಟಳು. ನೆರೆಯಾಕೆ ತಪ್ಪಲೆಯ ಒಳಗೆ ನೋಡಿದಳು. ಮತ್ತೊಮ್ಮೆ ನೋಡಿ ಹೊರಟಳು.

ಅವ್ವಿ ಒಳಗಿನಿಂದ ಅಕ್ಕಿ ಹಿಡಿದು ಓಡಿಬಂದಳು. "ಖಾಲಿ ಕೊಟ್ಯನೇ? ಎಂತ ಹೇಳ್ತದೆ ಅದು? ಕರಿ, ಕರಿ ಅದನ್ನ!"

ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಕಳಸು ಅವ್ವಿ. ಜಪ್ತಿ ಆಗೂಕೆ ಇನ್ನೊಂದು ಮಿಶನ್ ಅದ್ಯನಾ ನಿನ್ನ ಹತ್ರ?"

ಅವ್ವಿ ಮುಷ್ಟಿ ಬಿಚ್ಚಲಿಲ್ಲ. ಅಕ್ಕಿ ಹಿಡಿದುಕೊಂಡೇ ಅಲ್ಲೇ ಹೊಸ್ತಿಲ ಮೇಲೆ ಕೂತಳು. ನೆರೆಯಾಕೆ ಗದ್ದೆಯ ಬದುವಿನ ಮೇಲೆ ಖಾಲಿ ತಪ್ಪಲೆ ಬೀಸುತ್ತ ಹೋಗುತ್ತಿದ್ದಳು.