ನೀಲವ್ವ ತಲೆಯಾಡಿಸಿದ್ದು

1936ರಲ್ಲಿ ನಾನು ಕೊಪ್ಪಳದ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಆ ವರ್ಷ ನನ್ನನ್ನು ಒಂಬತ್ತು ತಿಂಗಳ ತರಬೇತಿಗಾಗಿ ಹೈದರಾಬಾದಿನ ಒಂದು ಟ್ರೈನಿಂಗ್ ಕಾಲೇಜಿಗೆ ಕಳಿಸಿದರು. ಅಲ್ಲಿ ಮೂರು ವಿಷಯ ಕಲಿಸುತ್ತಿದ್ದರು. ಮೊದಲನೆಯದು ಭಾಷಣ ಕಲೆ, ಎಂದರೆ ಸ್ಪಷ್ಟವಾಗಿ, ಉಸಿರು ಹಿಡಿದು ಮಾತಾಡುವುದು. ಎರಡನೆಯದು ಕಿವುಡ ಮಕ್ಕಳಿಗೆ ಮಾತು ಕಲಿಸುವ ವಿಧಾನ. ಮೂರನೆಯದು ನಾಟಕ. ಮೊದಲೆರಡನ್ನು ನಾನು ಶ್ರದ್ಧೆಯಿಂದ ಕಲಿತೆ. ನಾಟಕದ ತಾಸಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಮಾಸ್ತರಿಕೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ ಎಂದು ಆಗ ನನ್ನ ಅಭಿಪ್ರಾಯ.

ಊರಿಗೆ ಮರಳಿದ ಮೇಲೆ ಸಾಲೆಯ ಪಕ್ಕದ ಕೋಣೆಯಲ್ಲಿ ಏಳು ಮಂದಿ ಕಿವುಡ ಮಕ್ಕಳ ಒಂದು ಕ್ಲಾಸ್ ಶುರುವಾಯಿತು. ಕಾಲೇಜಿನಲ್ಲಿ ಹೇಳಿಕೊಟ್ಟ ಪದ್ಧತಿಯನ್ನು ಅಕ್ಷರಶಃ ನಡೆಸಿದೆ. ಮಗುವಿನ ಬಾಯಿಯ ಮುಂದೆ ಮೇಣದ ಬತ್ತಿ ಹಿಡಿದು 'ಪ' ಅನ್ನಿಸುವುದು. ದೀಪ ಅಲುಗಿದರೆ ಅಕ್ಷರ ಬಂತು ಎಂದು ತಿಳಿಯುವುದು. ನನ್ನ ಗಂಟಲ ಮೇಲೆ ಮಗುವಿನ ಕೈ ಇಡಿಸಿ ದನಿಯ ಕಂಪನ ತೋರಿಸುವುದು. ಕನ್ನಡಿಯಲ್ಲಿ ತುಟಿ ನೋಡಿಸುವುದು. ಕೈಸನ್ನೆ ಮಾತ್ರ ಕೂಡದು. ಕೈಯಿಂದ ಮಾತಾಡುವ ಮಗು ಬಾಯಿಂದ ಮಾತಾಡುವುದಿಲ್ಲ ಎಂಬುದು ಅಲ್ಲಿಯ ನಿಯಮ. ಪಾಠ ನಡೆದಾಗ ಮಕ್ಕಳು ಕೈ ಕಟ್ಟಿ ಕೂಡಬೇಕಿತ್ತು.

ಇದಕ್ಕೆ ನಾನು ನನ್ನದೊಂದು ರೂಢಿ ಸೇರಿಸಿದೆ. ಪ್ರತಿ ಪಾಠದ ಕೊನೆಗೆ ಮಕ್ಕಳ ಮುಖ ನೋಡಿ, "ತಿಳೀತೇನು?" ಎಂದು ಕೇಳುತ್ತಿದ್ದೆ. ತಲೆಯಾಡಿಸಿದವರಿಗೆ ನಾಲ್ಕು ಕಾಳು ಪುಠಾಣಿ, ಎಂದರೆ ಹುರಿಗಡಲೆ. ಇನ್ಸ್‌ಪೆಕ್ಟರ್ ಬಂದು ಅದೇ ಪ್ರಶ್ನೆ ಕೇಳಿದಾಗ ಏಳೂ ತಲೆಗಳು ಒಟ್ಟಿಗೆ ಆಡಿದವು. ಅವರು ರಿಮಾರ್ಕ್ ಪುಸ್ತಕದಲ್ಲಿ ಬಹಳ ಒಳ್ಳೆಯ ಮಾತು ಬರೆದು ಹೋದರು.

ಆ ಏಳು ಮಂದಿಯಲ್ಲಿ ಇರಕಲ್ಲಗಡದ ನೀಲವ್ವ ಒಬ್ಬಳು. ಹುಟ್ಟುಕಿವುಡಿ, ತಾಯಿಯಿಲ್ಲದ ಹುಡುಗಿ. ಹದಿಮೂರನೆಯ ವಯಸ್ಸಿನಿಂದ ಮೂರು ವರ್ಷ ನನ್ನ ಹತ್ತಿರ ಕಲಿತಳು. ಬಿಡುವ ಹೊತ್ತಿಗೆ ತನ್ನ ಹೆಸರು, 'ಅಪ್ಪ', 'ನೀರು' ಮತ್ತು ಇನ್ನು ಹತ್ತೊಂಬತ್ತು ಶಬ್ದಗಳನ್ನು ಬಾಯಿಂದ ಹೇಳುತ್ತಿದ್ದಳು. ಹುಟ್ಟುಕಿವುಡರಿಗೆ ವಾರಸಾ ಹಕ್ಕು ಸಿಗುವುದು ಕಷ್ಟವೆಂದು ವಕೀಲರೊಬ್ಬರು ಹೇಳಿದ್ದರಿಂದ, ಅವಳ ತಂದೆ ಸಾಯುವ ಮೊದಲೇ ತನ್ನ ನಾಲ್ಕು ಎಕರೆ ಕಪ್ಪು ಮಣ್ಣಿನ ಎರಿ ಹೊಲವನ್ನು ಅವಳ ಹೆಸರಿಗೆ ಬರೆದಿಟ್ಟಿದ್ದ. ಅವಳಿಗೆ ಇದ್ದದ್ದು ಅದೊಂದೇ.

1944ರಲ್ಲಿ, ನೀಲವ್ವನಿಗೆ ಇಪ್ಪತ್ತು ವರ್ಷವಾಗಿದ್ದಾಗ, ನೋಂದಣಿ ಕಚೇರಿಯಿಂದ ನನಗೆ ಕರೆ ಬಂತು. ಕಿವುಡರು ಕಾಗದ ಬರೆದುಕೊಡುವಾಗ, ಅದರ ಮಜಕೂರನ್ನು, ಎಂದರೆ ಒಳಗೆ ಬರೆದದ್ದನ್ನು, ಅವರಿಗೆ ತಿಳಿಸಲು ಬಲ್ಲವನೊಬ್ಬ ಬೇಕು. ಸುತ್ತಿನಲ್ಲಿ ಕಿವುಡರಿಗೆ ಕಲಿಸುವ ಸರ್ಟಿಫಿಕೇಟ್ ಇದ್ದವನು ನಾನೊಬ್ಬನೇ. ನೀಲವ್ವ ತನ್ನ ದೊಡ್ಡಪ್ಪನ ಮಗ ಸಂಗಪ್ಪನಿಗೆ ಹೊಲದ ಹಕ್ಕು ಬಿಟ್ಟುಕೊಡುತ್ತಾಳೆ ಎಂಬುದು ಕಾಗದದ ಸಾರ. ನಾನು ಅವಳೆದುರು ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಅಗಲಿಸಿ ನಿಧಾನವಾಗಿ ಕೇಳಿದೆ.

"ನೀಲವ್ವಾ, ನಿನ್ನ ಹೊಲ ಸಂಗಪ್ಪಗ ಕಾಯಂ ಬಿಟ್ಟುಕೊಡಾಕ ನಿನ್ನ ಒಪ್ಪಿಗಿ ಐತೇನು?"

ಅವಳು ನನ್ನ ತುಟಿ ನೋಡಿ ತಲೆಯಾಡಿಸಿದಳು. ಮೂರು ಸಲ ಕೇಳಿದೆ. ಮೂರು ಸಲವೂ ಆಡಿಸಿದಳು. 'ಇವಳು ತಿಳಿದು ಒಪ್ಪಿದ್ದಾಳೆ' ಎಂದು ಬರೆದು ಸಹಿ ಮಾಡಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದಾಗ ಸಂಗಪ್ಪ ಚಹಾ ಕುಡಿಸಿದ. "ಸರಸ್ವತಿ ಅದಾಳ್ರಿ ನಿಮ್ಮ ಕೈಯಾಗ. ಮೂಕಿ ಮುಂದ ನಿಂತು ಮಾತಾಡಿಸಿಬಿಟ್ರಿ" ಎಂದ. ನನಗೆ ಆ ಮಾತು ಹಿಡಿಸಿತು. ಇದನ್ನೂ ಬರೆಯಬೇಕು, ಏಕೆಂದರೆ ಹಿಡಿಸಿದ್ದು ನಿಜ.

ಮುಂದಿನ ವರ್ಷ ಬಿತ್ತಿಗೆಗೆ ಮೊದಲು, ಒಂದು ಮಧ್ಯಾಹ್ನ, ನೀಲವ್ವ ಸಾಲೆಗೆ ಬಂದಳು. ಜೊತೆಗೆ ಅವಳ ನೆರೆಮನೆಯ ಫಾತಿಮಾಬಿ. ಐವತ್ತು ದಾಟಿದ ಆ ಹೆಂಗಸು ತಾಯಿಯಿಲ್ಲದ ನೀಲವ್ವನನ್ನು ಎತ್ತಿ ಬೆಳೆಸಿದವಳು. ಒಳಗೆ ಬಂದವಳೇ ಕೂಡಲಿಲ್ಲ.

"ಮಾಸ್ತರ, ಈಕಿ ತನ್ನ ಹೊಲಕ್ಕ ಬೀಜ ತಗೊಂಡು ಹ್ವಾದ್ರ ಸಂಗ್ಯಾ ಹೊಡದು ಹೊರಗ ಹಾಕ್ಯಾನ. ಹೊಲ ನಂದು, ಕಾಗದ ಐತಿ ಅಂತಾನ. ಯಾರು ಬರಸಿದ್ರೋ ಅಂದ್ರ ನಿಮ್ಮ ಹೆಸರು ಹೇಳ್ತಾನ."

"ನಾ ಕೇಳೀನಿ, ಫಾತಿಮಾಬಿ. ಮೂರು ಸಲ ಕೇಳೀನಿ. ಆಕಿ ಹೂಂ ಅಂದ್ಲು."

"ಹೂಂ ಅಂದ್ಲಾ?" ಫಾತಿಮಾಬಿ ನನ್ನನ್ನೇ ನೋಡಿದಳು. "ಹಂಗಾದ್ರ ಇನ್ನೊಂದು ಕೇಳ್ರಿ. ಈ ಮುದುಕಿ ನಿನ್ನ ಮಗಳೇನು ಅಂತ ಕೇಳ್ರಿ."

ನಾನು ಅದೇ ರೀತಿ ತುಟಿ ಅಗಲಿಸಿ ಕೇಳಿದೆ. ನೀಲವ್ವ ತಲೆಯಾಡಿಸಿದಳು. ಫಾತಿಮಾಬಿ ನಕ್ಕಳು. ನಾನೇ ಮತ್ತೊಂದು ಕೇಳಿದೆ: "ನಿನ್ನ ಹೊಲ ಸಮುದ್ರದಾಗ ಐತೇನು?" ತಲೆಯಾಡಿಸಿದಳು. "ನೀ ಸತ್ತು ಹೋಗಿಯೇನು?" ಅದಕ್ಕೂ ತಲೆಯಾಡಿಸಿ, ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಸಾಲೆಯಲ್ಲಿ ಸರಿಯಾದ ಉತ್ತರ ಕೊಟ್ಟಾಗ ನಗುತ್ತಿದ್ದ ನಗೆ ಅದು.

ಫಾತಿಮಾಬಿಯ ನಗು ನಿಂತಿತ್ತು. "ನೀವಽ ಕಲಿಸಿದ್ದು ಇದು" ಎಂದಳು.

ಹೊಲ ಉಳಿಯಬೇಕಾದರೆ ಅದಾಲತ್ತಿನಲ್ಲಿ ಆ ಕಾಗದ ರದ್ದಾಗಬೇಕು. ರದ್ದಾಗಬೇಕಾದರೆ, ನನ್ನ ಸಹಿಯ ಮಾತು ತಪ್ಪು ಎಂದು ನಾನೇ ಹೇಳಬೇಕು. ಹೆಡ್‌ಮಾಸ್ತರರಿಗೆ ವಿಷಯ ತಿಳಿಸಿದೆ. ಅವರು ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದರು.

"ನಿಮ್ಮ ಹುಡುಗರಿಗೆ ಏನೂ ತಿಳಿಯಂಗಿಲ್ಲ ಅಂತ ಮುನ್ಸಿಫರ ಮುಂದ ನೀವಽ ಹೇಳಿದ್ರ, ಆ ಕ್ಲಾಸ್ ಉಳೀತೈತೇನ್ರಿ? ಈಗಿರೋ ಮಕ್ಕಳು ಎಲ್ಲಿಗೆ ಹೋಗ್ಬೇಕು? ಸಂಗಪ್ಪ ಆಕಿನ್ನ ಉಪವಾಸ ಅಂತೂ ಕೆಡವಂಗಿಲ್ಲ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ ನೀಲವ್ವನ ಪರವಾಗಿ ವಕೀಲರ ಹತ್ತಿರ ಹೋದೆ. ಧೈರ್ಯದಿಂದ ಹೋದೆನೆಂದು ಹೇಳಲಾರೆ. ಆ ಮೂರು ದಿನವೂ ಕ್ಲಾಸಿನಲ್ಲಿ "ತಿಳೀತೇನು?" ಎಂದು ಕೇಳಲು ನನ್ನಿಂದಾಗಲಿಲ್ಲ, ಅಷ್ಟೇ.

ದಾವೆ ಕೊಪ್ಪಳದ ಅದಾಲತ್ತಿನಲ್ಲಿ ನಡೆಯಿತು. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಕೋರ್ಟಿನ ವ್ಯವಹಾರವೆಲ್ಲ ಉರ್ದುವಿನಲ್ಲಿ. ಕನ್ನಡದ ಸಾಕ್ಷಿಗಳ ಮಾತನ್ನು ಪೇಶ್ಕಾರರು, ಎಂದರೆ ಕೋರ್ಟಿನ ಗುಮಾಸ್ತರು, ಮುನ್ಸಿಫ್ ಸಾಹೇಬರಿಗೆ ಉರ್ದುವಿನಲ್ಲಿ ಹೇಳುತ್ತಿದ್ದರು. ಸಂಗಪ್ಪನ ವಕೀಲರು ನನಗೆ ಒಂದೇ ಮುಖ್ಯ ಪ್ರಶ್ನೆ ಕೇಳಿದರು.

"ಮಾಸ್ತರ್ ಸಾಹೇಬ್ರ, ಅವತ್ತು ಬರದದ್ದು ಸುಳ್ಳೋ, ಇವತ್ತು ಹೇಳೋದು ಸುಳ್ಳೋ?"

"ಅವತ್ತು ಬರದದ್ದು ತಪ್ಪು. ಆಕಿಗೆ ತಿಳಿದಿಲ್ಲ ಅನ್ನೋದು ನನಗ ತಿಳಿದಿರಲಿಲ್ಲ."

"ಮೂರು ವರ್ಷ ಕಲಿಸಿದವರಿಗೇ ತಿಳೀಲಿಲ್ಲ?"

"ಮೂರು ವರ್ಷ ತಲಿ ಆಡಸೋದನ್ನ ಕಲಿಸಿದವ ನಾನಽ, ಸಾಹೇಬ್ರ. ಪುಠಾಣಿ ಕೊಟ್ಟು ಕಲಿಸೀನಿ."

ಕೋರ್ಟಿನಲ್ಲಿ ಯಾರೋ ನಕ್ಕರು. ಮುನ್ಸಿಫ್ ಸಾಹೇಬರು ನಗಲಿಲ್ಲ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ: "ಈ ಕುರ್ಚಿಯಲ್ಲಿ ಕೂತು ನಾನು ಉರ್ದುವಿನಲ್ಲಿ ಏನು ಕೇಳಿದರೂ ನಿಮ್ಮ ರೈತರು ಹೌದ್ರಿ ಎನ್ನುತ್ತಾರೆ. ಅವರ ಕಿವಿ ಚೆನ್ನಾಗಿಯೇ ಇವೆ." ಆಮೇಲೆ ನನ್ನ ಕಡೆ ತಿರುಗಿ, ಹಾಗಾದರೆ ಇವಳನ್ನು ಕೇಳುವುದು ಹೇಗೆ ಎಂದರು.

ಕಾಲೇಜಿನ ನಾಟಕದ ಮಾಸ್ತರರು ಹೊಸಬರಿಗೆ ಪಾತ್ರದ ಮಾತು ಕೊಡುವ ಮೊದಲು ಜಾಗ ತೋರಿಸುತ್ತಿದ್ದರು. ಬಾಗಿಲು ಇಲ್ಲಿ, ಬಾವಿ ಇಲ್ಲಿ, ನೀನು ಇಲ್ಲಿ. ಈಗ ಮಾಡು ಎನ್ನುತ್ತಿದ್ದರು. ಅದಷ್ಟೇ ಹೊಳೆಯಿತು. "ಪ್ರಶ್ನೆ ಕೇಳಬ್ಯಾಡ್ರಿ ಸಾಹೇಬ್ರ. ಆ ದಿನದ ಜಾಗ ಮಾಡಿಕೊಡ್ರಿ. ಮೇಜು, ಮಸಿ, ಕಾಗದ, ಸಂಗಪ್ಪ. ಆಮ್ಯಾಲೆ ಆಕಿನ್ನ ಬಿಡ್ರಿ" ಎಂದೆ.

ಎದುರು ವಕೀಲರು ಕೂಡಲೇ ಎದ್ದರು. ಮಾಸ್ತರರು ಕಣ್ಣಸನ್ನೆಯಿಂದ ಹೇಳಿಕೊಡುತ್ತಾರೆ ಎಂದು ಅವರ ತಕರಾರು. ಅದು ನ್ಯಾಯವಾದ ತಕರಾರೇ. ನನ್ನನ್ನೂ ಫಾತಿಮಾಬಿಯನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಆದ್ದರಿಂದ ಒಳಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಪೇಶ್ಕಾರರು ಅದೇ ದಿನ ಸಂಜೆ ಹೇಳಿದ್ದನ್ನು ಬರೆಯುತ್ತಿದ್ದೇನೆ.

ಮೇಜಿನ ಮುಂದೆ ಸಂಗಪ್ಪನನ್ನು ನಿಲ್ಲಿಸಿ, ಮಸಿಯ ಡಬ್ಬಿ ಇಟ್ಟು, ಸಾಹೇಬರು ಏನಾಯಿತು ಎಂದು ಕೇಳುವಂತೆ ಎರಡೂ ಅಂಗೈ ಚಾಚಿದರಂತೆ. ನೀಲವ್ವ ಸಂಗಪ್ಪನ ಹೆಗಲ ಮೇಲಿನ ವಲ್ಲಿಯನ್ನು ಎಳೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಹೊಟ್ಟೆ ಮುಂದೆ ಮಾಡಿ, ಕೆಳತುಟಿಯಲ್ಲಿ ತಂಬಾಕು ಇಟ್ಟವನಂತೆ ಬಾಯಿ ಉಬ್ಬಿಸಿ ನಡೆದಳು. ಕೋರ್ಟಿನ ಎಲ್ಲರಿಗೂ ಅದು ಯಾರೆಂದು ತಿಳಿಯಿತು. ಹೊರಗೆ ನಮಗೆ ಕೇಳಿದ ನಗು ಅದೇ ಇರಬೇಕು. ಆ ಸಂಗಪ್ಪನಾಗಿ ಅವಳು ನೆಲದ ಮೇಲೆ ನೇಗಿಲು ಹೊಡೆದಳು, ಬಿತ್ತಿದಳು, ಸಜ್ಜೆ ಕೊಯ್ದಳು, ರಾಶಿ ಮಾಡಿ ನಡುವೆ ಗೆರೆ ಎಳೆದು ಎರಡು ಪಾಲು ಮಾಡಿದಳು. ವಲ್ಲಿ ಕೆಳಗಿಟ್ಟು ನೀಲವ್ವನಾಗಿ ಒಂದು ಪಾಲನ್ನು ಉಡಿಯಲ್ಲಿ ತುಂಬಿಕೊಂಡಳು. ಒಂದು ಬೆರಳು ಎತ್ತಿದಳು. ಕೊನೆಗೆ ನೆಲದ ಮೇಲೆ ಕೂತು, ಎರಡೂ ಕೈಯಿಂದ ಆ ಜಾಗವನ್ನೆಲ್ಲ ಬಾಚಿ ತನ್ನ ಎದೆಗೆ ಎಳೆದುಕೊಂಡಳು. ಒಂದು ಬೆಳೆಗೆ, ಅರ್ಧ ಪಾಲಿಗೆ. ಆಮೇಲೆ ಹೊಲ ತನ್ನದೇ. ಅವಳು ಹೆಬ್ಬೆಟ್ಟು ಒತ್ತಿದ್ದು ಅದಕ್ಕೆ. ಹಾಗೆ ತೋರಿಸಿ ಒಪ್ಪಿಸಿದವನು ಸಂಗಪ್ಪನೇ. ಸಾಹೇಬರು ಕೇಳಿದಾಗ ಅವನು "ಮನ್ಯಾಗ ಹಂಗ ತೋರ್ಸಿದ್ದೆರಿ. ಆದ್ರ ಆಕಿನ್ನ ಸಾಯೋತನ ನಾನಽ ಸಾಕ್ತಿದ್ದೆ" ಎಂದನಂತೆ.

ಎರಡು ವಾರದ ಮೇಲೆ ಹುಕುಂ ಬಂತು. ಕಾಗದ ರದ್ದಾಯಿತು, ಹೊಲ ನೀಲವ್ವನಿಗೆ ಉಳಿಯಿತು. ಹೆಡ್‌ಮಾಸ್ತರರು ಹೇಳಿದ್ದೂ ನಡೆಯಿತು. ನನ್ನನ್ನು ಯಲಬುರ್ಗಾಕ್ಕೆ ವರ್ಗ ಮಾಡಿದರು, ಕ್ಲಾಸ್ ಮುಚ್ಚಿತು. ಆ ಮಕ್ಕಳಲ್ಲಿ ಇಬ್ಬರ ಸುದ್ದಿ ಮಾತ್ರ ನನಗೆ ಆಮೇಲೆ ತಿಳಿದಿದೆ. ಉಳಿದವರು ಏನಾದರೋ ಗೊತ್ತಿಲ್ಲ. ನೀಲವ್ವನ ಹೊಲದ ಎದುರಿಗೆ ಅವರನ್ನು ಇಟ್ಟು ತೂಗಿ ನೋಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ.

ಯಲಬುರ್ಗಾದಲ್ಲಿ ಕಿವಿ ಕೇಳುವ ಮಕ್ಕಳಿಗೇ ಪಾಠ ಹೇಳಿದೆ. ಅಲ್ಲಿ ಯಾರಿಗೂ "ತಿಳೀತೇನು?" ಎಂದು ಕೇಳಲಿಲ್ಲ, "ಮಾಡಿ ತೋರ್ಸು" ಎಂದೆ. ಮಾಸ್ತರಿಕೆ ನನಗೆ ಕಲಿಸಿದ್ದು ಇಷ್ಟು: ಹೌದು ಎಂಬ ಉತ್ತರ ಕೇಳಿ ಪಾಠ ಮುಗಿಸಬಾರದು. ನಮ್ಮನ್ನು ಸಂತೋಷಪಡಿಸಲು ಜನ ಅದನ್ನು ಬಹಳ ಸುಲಭವಾಗಿ ಕೊಡುತ್ತಾರೆ.

ಹುಕುಂ ಬಂದ ದಿನದ ಒಂದು ಸಂಗತಿ ಹೇಳುವುದು ಉಳಿದಿದೆ. ಅದಾಲತ್ತಿನ ಮೆಟ್ಟಿಲ ಮೇಲೆ ನೀಲವ್ವ ನನ್ನನ್ನು ನಿಲ್ಲಿಸಿ ಕೈಯಿಂದ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ತಿಳಿಯಿತು: ಅವತ್ತು ನಿನ್ನನ್ನೇಕೆ ಹೊರಗೆ ಹಾಕಿದರು?

ನಾನು ಚೀಲ ಕೆಳಗಿಟ್ಟೆ. ಮೇಜು ಮಾಡಿದೆ, ಕಾಗದ ಮಾಡಿದೆ, ನನ್ನ ಮುಖ ನೋಡಿ ಅವಳು ತಲೆಯಾಡಿಸಿದ್ದನ್ನು ಮಾಡಿದೆ, ಅದನ್ನು ನಂಬಿ ಸಹಿ ಹಾಕಿದ ನನ್ನನ್ನು ಮಾಡಿದೆ. ನನ್ನ ಕೈ ಬಹಳ ಒಡ್ಡೊಡ್ಡಾಗಿ ಆಡಿದವು. ಫಾತಿಮಾಬಿ ಮುಖಕ್ಕೆ ಸೆರಗು ಹಿಡಿದು ನಕ್ಕಳು. ನೀಲವ್ವ ಕೊನೆಯತನಕ ನೋಡಿದಳು. ತಲೆಯಾಡಿಸಲಿಲ್ಲ. ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ತೋರಿಸು ಎಂದು ಕೈ ಮಾಡಿದಳು.